ಕಿಸೆಯ ಮಡಚು ಚಾಕು: ಕೂಡಿಡುವುದೋ, ಕೆಲಸಕ್ಕೆ ಹಚ್ಚುವುದೋ?

ತೋಟದಮನೆ (ಶಿರಸಿ)

ಹಳೇ ಮಾದರಿಯ ಮಡಚುವ ಚಾಕುಗಳ ಬಗ್ಗೆ ಕನ್ನಡದಲ್ಲಿ ಮಾತುಕತೆ ಕಡಿಮೆ. ಆಸಕ್ತಿ ಇರುವವರು ಬಹಳ ಜನ ಇದ್ದಾರೆ ಅಂತ ಗೊತ್ತು, ಅದಕ್ಕೇ ಶುರು ಮಾಡುತ್ತಿದ್ದೇನೆ. ಗುಂಡಿ ಒತ್ತಿದರೆ ಚಿಮ್ಮುವವು, ಕಪ್ಪು ಬಣ್ಣ ಬಳಿದ ಮಿಲಿಟರಿ ಥರದವು ಇಲ್ಲಿ ಬೇಡ. ಉಗುರಿನಿಂದ ಎಳೆದು ಬಿಚ್ಚುವ, ಮರದ್ದೋ ಮೂಳೆಯದೋ ಹಿತ್ತಾಳೆಯದೋ ಹಿಡಿ ಇರುವ, ಅಜ್ಜನ ಕಾಲದವರು ನೋಡಿದರೂ ಗುರುತು ಹಿಡಿಯುವಂಥ ಚಾಕುಗಳ ಬಗ್ಗೆ ಮಾತಾಡೋಣ.

ನನ್ನ ಮಾತು ಇಷ್ಟು. ಈ ಚಾಕುಗಳ ಒಂದೊಂದು ಆಕಾರವೂ ಒಂದೊಂದು ಕೆಲಸದಿಂದ ಹುಟ್ಟಿದ್ದು. ಕೆಲಸ ತಿಳಿಯದೆ ಕೊಂಡರೆ ಹಿಡಿಯ ಬಣ್ಣಕ್ಕೆ ದುಡ್ಡು ಕೊಟ್ಟಂತೆ. ಅಮೆರಿಕದ ಸ್ಟಾಕ್‌ಮನ್ ನೋಡಿ. ಒಂದೇ ಹಿಡಿಯಲ್ಲಿ ಮೂರು ಅಲಗು. ತುದಿ ಚೂಪಾದ ಉದ್ದನೆಯದು ದಿನನಿತ್ಯದ ಕೆಲಸಕ್ಕೆ. ಬಾಯಿ ನೇರವಾಗಿದ್ದು, ಬೆನ್ನು ಬಾಗಿ ಬಂದು ತುದಿ ಮೊಂಡಾಗುವ ಶೀಪ್‌ಫುಟ್ ಅಲಗು ಹಗ್ಗ ಕೊಯ್ಯಲಿಕ್ಕೆ, ಗೊರಸು ಹೆರೆಯಲಿಕ್ಕೆ. ದನ ಕಾಲು ಝಾಡಿಸಿದರೂ ಚುಚ್ಚುವ ಮೊನೆ ಇಲ್ಲ. ಮೂರನೆಯದು ಸ್ಪೇ, ಹೋರಿಗಳ ಬೀಜ ತೆಗೆಯುವುದಕ್ಕೆ. ಅದರ ತುದಿಯನ್ನೂ ಬೇಕೆಂದೇ ಮೊಂಡು ಮಾಡಿದ್ದಾರೆ, ಆಗಬಾರದ ಜಾಗಕ್ಕೆ ತಾಗದಿರಲಿ ಅಂತ. ದನಗಾರನ ಒಂದಿಡೀ ದಿನದ ಕೆಲಸ ನಾಲ್ಕು ಇಂಚಿನ ಹಿಡಿಯೊಳಗೆ ಮಡಚಿಟ್ಟಿದೆ.

ಫ್ರಾನ್ಸಿನ ಲಾಗ್ಯೋಲ್ ಕೂಡ ಹಾಗೇ. ಒಬ್ರಾಕ್ ಎಂಬ ದನ ಮೇಯಿಸುವ ಪ್ರಸ್ಥಭೂಮಿಯ ಹಳ್ಳಿ ಅದು. ಅಲ್ಲಿ 1829ರಲ್ಲಿ ಪಿಯೆರ್-ಜಾನ್ ಕಾಲ್ಮೆಲ್ಸ್ ಈ ಚಾಕು ಶುರು ಮಾಡಿದ. ಆಮೇಲೆ ಚರ್ಮದ ಪಟ್ಟಿಗೆ ತೂತು ಹೊಡೆಯುವ ದಬ್ಬಳ ಸೇರಿತು. 1880ರ ಹೊತ್ತಿಗೆ ಬಿರಡೆ ತೆಗೆಯುವ ಸುರುಳಿಯೂ ಬಂತು. ದನಗಾಹಿಗೆ ಬಿರಡೆಯ ಸುರುಳಿ ಯಾಕೆ? ಆ ಸೀಮೆಯ ಹುಡುಗರು ಹೊಟ್ಟೆಪಾಡಿಗೆ ಪ್ಯಾರಿಸ್ಸಿಗೆ ಹೋಗಿ ಕೆಫೆಗಳಲ್ಲಿ ದುಡಿಯುತ್ತಿದ್ದರು, ಅದಕ್ಕೆ. ಒಂದು ಊರಿನವರು ವಲಸೆ ಹೋದ ಕಥೆ ಚಾಕುವಿನ ಬೆನ್ನಲ್ಲಿ ಕೂತಿದೆ.

ನನ್ನ ಕಿಸೆಯಲ್ಲಿರುವುದು ಒಪಿನೆಲ್ ಎಂಬ ಮರದ ಹಿಡಿಯ ಫ್ರೆಂಚ್ ಚಾಕು, 8ನೇ ನಂಬರಿನ ಅಳತೆ, ಕಾರ್ಬನ್ ಉಕ್ಕಿನದು. ಅಡಿಕೆ ತೋಟದವರು ಇದನ್ನೊಮ್ಮೆ ಮಾಡಿ ನೋಡಬೇಕು. ಹೊಳೆಯುವ ಹೊಸ ಅಲಗಿನಿಂದ ಒಂದು ಹಸಿ ಅಡಿಕೆ ಸೀಳಿ ಹಾಗೇ ಬಿಡಿ. ಚೊಗರು ತಾಗಿದಲ್ಲೆಲ್ಲ ಉಕ್ಕು ನೀಲಿಗಪ್ಪಾಗುತ್ತ ಬರುವುದು ಕಣ್ಣೆದುರೇ ಕಾಣುತ್ತದೆ. ಚೊಗರಿನ ಟ್ಯಾನಿನ್ನಿಗೂ ಕಬ್ಬಿಣಕ್ಕೂ ಆಗುವ ಕ್ರಿಯೆ ಅದು, ಹಳೇ ಕಾಲದ ಕಪ್ಪು ಶಾಯಿ ಆಗುತ್ತಿದ್ದುದೂ ಹೀಗೇ. ಅದು ತುಕ್ಕಲ್ಲ. ಆ ಕಪ್ಪು ಪದರ ಕೂತ ಮೇಲೆ ಕೆಂಪು ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ.

ನಿಮ್ಮ ಹತ್ತಿರ ಏನಿದೆ, ಯಾವ ಕೆಲಸಕ್ಕೆ ಬಳಸುತ್ತೀರಿ, ಬರೆಯಿರಿ.

ಹೊಸಬ (ಬೆಂಗಳೂರು)

ಸರ್, ತುಂಬ ದಿನದಿಂದ ಒಂದು ತಗೋಬೇಕು ಅಂತಿದ್ದೀನಿ. ಎರಡು ಅನುಮಾನ. ಒಂದು, ಕಿಸೇಲಿ ಚಾಕು ಅಂದ ತಕ್ಷಣ ಮನೇಲಿ ಅಮ್ಮ ರೌಡಿಗಳ ಲೆಕ್ಕಕ್ಕೆ ಸೇರಿಸ್ತಾರೆ. ಪೊಲೀಸರು ಹಿಡಿದರೆ ಏನು ಗತಿ? ಎರಡು, ನನ್ನದು ಆಫೀಸ್ ಕೆಲಸ. ತೋಟ ಇಲ್ಲ, ದನ ಇಲ್ಲ. ಪಾರ್ಸಲ್ ಬಿಚ್ಚೋದು, ಹಣ್ಣು ಹೆಚ್ಚೋದು ಬಿಟ್ಟರೆ ನನಗೆ ಬೇರೆ ಕೆಲಸಾನೇ ಇಲ್ಲ. ನಮ್ಮಂಥವರಿಗೆ ಯಾವುದು?

ಸ್ಟೀಲ್ ಸಿಟಿ ಕನ್ನಡಿಗ (ಶೆಫೀಲ್ಡ್)

ಹೊಸಬರೇ, ಪಾರ್ಸಲ್ಲು, ಹಣ್ಣು ಕೂಡ ಕೆಲಸವೇ. ನಾನಿರುವ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ಕಿಸೆ ಚಾಕುಗಳಲ್ಲಿ ಎಷ್ಟೋ ಗುಮಾಸ್ತರಿಗೆಂದೇ ಆದಂಥವು. ಪೆನ್‌ನೈಫ್ ಹುಟ್ಟಿದ್ದು ಹಕ್ಕಿಗರಿಯ ಲೇಖನಿ ಹೆರೆಯಲಿಕ್ಕೆ. ಅಂದಮೇಲೆ ಆಫೀಸಿನವರ ಹಕ್ಕು ತೋಟದವರಿಗಿಂತ ಕಡಿಮೆಯಲ್ಲ.

ಇಲ್ಲಿಯ ಸಾಂಪ್ರದಾಯಿಕ ಚಾಕುವಿಗೆ ಸ್ಲಿಪ್‌ಜಾಯಿಂಟ್ ಅಂತಾರೆ. ಲಾಕ್ ಇರುವುದಿಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಚೌಕವಾಗಿ ಅರೆದಿರುತ್ತಾರೆ. ಬಿಚ್ಚುವಾಗ ಸ್ಪ್ರಿಂಗ್ ಆ ಚೌಕದ ಮೂಲೆ ಹತ್ತಿ ಮೇಲೇಳುತ್ತದೆ, ಮೂಲೆ ದಾಟಿ ಚಪ್ಪಟೆ ಬದಿಗೆ ಬಿದ್ದಾಗ ‘ಟಕ್’ ಅನ್ನುತ್ತದೆ. ಅರ್ಧದಲ್ಲೊಮ್ಮೆ, ಪೂರ್ತಿ ಬಿಚ್ಚಿದಾಗ ಇನ್ನೊಮ್ಮೆ. ಸಂಗ್ರಾಹಕರು ಹಳೇ ಚಾಕು ಕೈಗೆತ್ತಿಕೊಂಡಾಗ ಮೊದಲು ಕೇಳಿಸಿಕೊಳ್ಳುವುದು ಈ ಸದ್ದನ್ನೇ. ಸದ್ದು ಸತ್ತಿದ್ದರೆ ಸ್ಪ್ರಿಂಗ್ ಸಡಿಲ, ಇಲ್ಲವೇ ಒಳಗೆ ಜಿಡ್ಡು ಕಟ್ಟಿದೆ. ಜಿಡ್ಡಾದರೆ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಕೀಲಿಗೊಂದು ಹನಿ ಎಣ್ಣೆ ಬಿಟ್ಟರೆ ಸದ್ದು ವಾಪಸ್ ಬರುತ್ತದೆ.

ಲಾಕ್ ಇಲ್ಲದ್ದಕ್ಕೆ ಇಲ್ಲಿ ಕಾನೂನಿನ ಬೆಲೆಯೂ ಇದೆ. 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟಿನ 139ನೇ ಸೆಕ್ಷನ್ ಪ್ರಕಾರ, ಬಾಯಿ 3 ಇಂಚು ಮೀರದ ಮಡಚುವ ಚಾಕುವನ್ನು ಕಾರಣ ಹೇಳದೆ ಕಿಸೆಯಲ್ಲಿ ಇಟ್ಟುಕೊಳ್ಳಬಹುದು. ಲಾಕ್ ಆಗುವಂಥದ್ದನ್ನು ಕೋರ್ಟುಗಳು ಮಡಚುವ ಚಾಕು ಅಂತ ಒಪ್ಪುವುದಿಲ್ಲ. ಹಾಗಾಗಿ ತೋಟದಮನೆಯವರ 8ನೇ ನಂಬರ್ ಒಪಿನೆಲ್ ಇಲ್ಲಿ ಸುಮ್ಮನೆ ಹಿಡಿದು ತಿರುಗುವಂತಿಲ್ಲ, ಹಿಡಿಯ ತುದಿಯಲ್ಲಿ, ಅಲಗಿನ ಬುಡದ ಸುತ್ತ ಇರುವ ಲೋಹದ ಬಳೆ ತಿರುಗಿಸಿದರೆ ಅದು ಲಾಕ್ ಆಗುತ್ತದಲ್ಲ. 5ನೇ ನಂಬರಿಗೆ ಆ ಬಳೆ ಇಲ್ಲ, ಅದು ಆದೀತು.

ಹಾಗೆಯೇ ಇನ್ನೊಂದು ವಿಷಯ ಹೇಳದೆ ಇರಲಾರೆ. ಈ ಊರಿನ ಚಾಕುಗಳ ಹೊಳಪಿನ ಹಿಂದೆ ಸಾಣೆ ಹಿಡಿಯುವವರ ಶ್ವಾಸಕೋಶಗಳಿವೆ. ಮರಳುಗಲ್ಲಿನ ಚಕ್ರದ ಮೇಲೆ ಬಗ್ಗಿ ಕೂತು ಆ ಧೂಳು ಕುಡಿದು ಎಷ್ಟೋ ಜನ ನಡುವಯಸ್ಸಿಗೂ ಬಾರದೆ ಸತ್ತರು. ‘ಗ್ರೈಂಡರ್ಸ್ ಆಸ್ತಮಾ’ ಅಂತಲೇ ಆ ಕಾಯಿಲೆಗೆ ಹೆಸರು. ಹಳೇ ಶೆಫೀಲ್ಡ್ ಚಾಕು ಕೈಯಲ್ಲಿ ಹಿಡಿದವರಿಗೆ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ವಕೀಲ್ ಸಾಹೇಬ್ರು (ಧಾರವಾಡ)

ಹೊಸಬರಿಗೆ ಕಾಯ್ದೆ ಮಾತು ನಾ ಹೇಳ್ತೀನ್ರಿ. 1959ರ ಆಯುಧ ಕಾಯ್ದೆ ಒಳಗ ‘ಆಯುಧ’ ಅಂದ್ರ ಏನು ಅಂತ ಬರದಾರ. ಬರೇ ಮನಿ ಕೆಲಸಕ್ಕ, ಹೊಲದ ಕೆಲಸಕ್ಕ ಅಂತ ಮಾಡಿದ ಸಾಮಾನು ಅದರಾಗ ಬರೂದಿಲ್ಲ. ಮುಂದ 2016ರ ಆಯುಧ ನಿಯಮದ ಪಟ್ಟಿ ನೋಡ್ರಿ. ಖಡ್ಗ, ಭರ್ಚಿ, ಚೂರಿ ಎಲ್ಲಾ ಹೇಳಿ, 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಅಲಗು ಇದ್ದದ್ದು ಅಂತ ಅಳತಿ ಹಾಕ್ಯಾರ. ಕಿಸೆದಾಗ ಹಿಡಿಯೋ ಯಾವ ಮಡಚು ಚಾಕೂನೂ ಆ ಅಳತಿಗೆ ಮುಟ್ಟೂದಿಲ್ಲ.

ಆದ್ರ ಇಷ್ಟಕ್ಕ ಮುಗೀಲಿಲ್ಲ. ದಿಲ್ಲಿ ಒಳಗ 1980ರ ಒಂದು ಅಧಿಸೂಚನೆ ಅದ. ಗುಂಡಿ ಒತ್ತೋ ಚಾಕು, ಗರಾರಿ ಇದ್ದ ಚಾಕು, ಸ್ಪ್ರಿಂಗ್ ಮ್ಯಾಲೆ ಚಿಮ್ಮೋ ಚಾಕು, ಇವುಗಳ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಇಲ್ಲಾ ಅದಕ್ಕೂ ಹೆಚ್ಚು ಇದ್ರ ಕಿಸೆದಾಗ ಇಟ್ಟುಕೊಳ್ಳೋ ಹಂಗಿಲ್ಲ. ಗರಾರಿ ಅಂದ್ರ ರಾಂಪುರಿ ಚಾಕು ಬಿಚ್ಚುವಾಗ ಕಟಕಟ ಅಂತದಲ್ರಿ, ಆ ಹಲ್ಲು. ದಿಲ್ಲಿಗೆ ಹೋಗೋರು ಇದನ್ನ ನೆನಪಿಡ್ರಿ.

ನಮ್ಮ ಕಡೆ ಚುನಾವಣಿ, ಹಬ್ಬ, ಗಲಾಟಿ ಅಂತ ನಿಷೇಧಾಜ್ಞೆ ಹಾಕಿದಾಗ ಮಾರಕಾಸ್ತ್ರ ಹಿಡಕೊಂಡು ಓಡಾಡಬಾರದು ಅಂತ ಆದೇಶದಾಗ ಇರತದ. ಆಗ ಮನ್ಯಾಗ ಇಟ್ಟು ಹೋಗ್ರಿ. ಕೋರ್ಟು, ಮೆಟ್ರೋ, ವಿಮಾನ, ಎಲ್ಲಿ ಚೀಲ ತಪಾಸಣಿ ಮಾಡ್ತಾರೋ ಅಲ್ಲಿ ಒಯ್ಯಬ್ಯಾಡ್ರಿ. ವಿಮಾನಕ್ಕ ಹೋಗೋದಾದ್ರ ಒಳಗ ಕೊಡೋ ಲಗೇಜಿನಾಗ ಹಾಕ್ರಿ. ಮತ್ತ ಒಂದು ಮಾತು, ಪೊಲೀಸರು ಕೇಳಿದ್ರ ‘ಹಣ್ಣು ಹೆಚ್ಚಾಕ’ ಅಂತ ನೆಟ್ಟಗ ಹೇಳ್ರಿ. ‘ರಕ್ಷಣಾಕ್ಕ’ ಅಂದ್ರೋ, ನೀವ ಅದನ್ನ ಆಯುಧ ಮಾಡಿ ಅವರ ಕೈಗೆ ಕೊಟ್ಟಂಗ.

ಹೊಸಬ (ಬೆಂಗಳೂರು)

ವಕೀಲ್ ಸರ್, ಕೊನೇ ಸಾಲು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಸಮಾಧಾನ ಆಯ್ತು ಅವರಿಗೆ. ಧನ್ಯವಾದ.

ಕಸಿ ಕಟ್ಟುವವ (ಪುತ್ತೂರು)

ನಾನು ನರ್ಸರಿಯವ. ಮಡಚುವ ಚಾಕು ನಮಗೆ ಅನ್ನ. ಹಲಸು, ಮಾವು, ಜಾಯಿಕಾಯಿ, ಕಾಳುಮೆಣಸು, ಎಲ್ಲಕ್ಕೂ ಅದೇ ಬೇಕು. ಕಾಳುಮೆಣಸನ್ನು ಬ್ರೆಜಿಲ್ ಹಿಪ್ಪಲಿಗೆ ಕಸಿ ಕಟ್ಟುತ್ತೇವೆ, ಆ ಹಿಪ್ಪಲಿಯ ಬೇರಿಗೆ ಸೊರಗು ರೋಗ ತಾಗುವುದಿಲ್ಲ ಅಂತ.

ಕಸಿ ಚಾಕುವಿನ ಗುಟ್ಟು ಅದರ ಬಾಯಲ್ಲಿದೆ. ಬೇರೆ ಚಾಕುಗಳನ್ನು ಎರಡೂ ಬದಿ ಮಸೆದಿರುತ್ತಾರೆ, ಇದನ್ನು ಒಂದೇ ಬದಿ. ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಎರಡು ಬದಿ ಮಸೆದ ಅಲಗು ಕಡ್ಡಿಯೊಳಗೆ ಹೋಗುವಾಗ ಸ್ವಲ್ಪ ಸ್ವಲ್ಪವೇ ಹೊರಗೆ ಸರಿಯುತ್ತದೆ, ಕಡಿದ ಮೈ ಅಲೆ ಅಲೆಯಾಗುತ್ತದೆ. ಚಪ್ಪಟೆ ಬದಿಯನ್ನು ಕಡ್ಡಿಗೆ ಒತ್ತಿ ಎಳೆದರೆ ಸಪಾಟಾದ ಮೈ ಸಿಗುತ್ತದೆ. ಗಿಡದ ತೊಗಟೆಯ ಕೆಳಗಿನ ಹಸಿರು ಪದರಕ್ಕೆ ಕಸಿಕಡ್ಡಿಯ ಹಸಿರು ಪದರ ಸಂದಿಲ್ಲದೆ ಕೂರಬೇಕು. ನಡುವೆ ಕೂದಲೆಳೆ ಗಾಳಿ ನಿಂತರೂ ಆ ಕಸಿ ಒಣಗುತ್ತದೆ. ಒಂದೇ ಎಳೆತ, ಗರಗಸದ ಹಾಗೆ ಹಿಂದೆ ಮುಂದೆ ಇಲ್ಲ.

ಕಣ್ಣುಕಸಿಯ ಚಾಕುವಿಗೆ ಹಿಡಿಯ ಇನ್ನೊಂದು ತುದಿಯಲ್ಲಿ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಒಂದು ನಾಲಿಗೆ ಇರುತ್ತದೆ, ತೊಗಟೆ ಎಬ್ಬಿಸಲಿಕ್ಕೆ. ಕಬ್ಬಿಣದ ತುದಿಯಲ್ಲಿ ಎಬ್ಬಿಸಿದರೆ ಒಳಮೈ ಗೀರುತ್ತದೆ. ಜರ್ಮನಿಯ ರಾಯ್ಟ್ಲಿಂಗನ್ ಊರಿನ ಟೀನಾ ಚಾಕು ಇದಕ್ಕೆಲ್ಲ ಪ್ರಸಿದ್ಧ. ಈಗಿನ ಹುಡುಗರು ಬ್ಲೇಡಿನಲ್ಲೇ ಕಟ್ಟುತ್ತಾರೆ, ಮೊಂಡಾದರೆ ಎಸೆದು ಹೊಸದು. ಎಳೇ ಕಡ್ಡಿಗೆ ಅದೂ ಆಗುತ್ತದೆ. ಬಲಿತ ಹಲಸಿನ ಕಡ್ಡಿಗೆ ಬ್ಲೇಡು ಬಾಗುತ್ತದೆ, ಕಡಿದ ಮೈ ಸಪಾಟಾಗುವುದಿಲ್ಲ.

ತೋಟದಮನೆ ಅಣ್ಣ ಹೇಳಿದ್ದಕ್ಕೆ ನನ್ನ ಸಹಮತ ಇದೆ. ಕೆಲಸ ಗೊತ್ತಿದ್ದವನಿಗೆ ಚಾಕು ನೋಡಿದ ಕೂಡಲೇ ಅದು ಯಾರ ಕೈಯದ್ದು ಅಂತ ತಿಳಿಯುತ್ತದೆ.

ಹಳೆ ಪೆಟ್ಟಿಗೆ (ಮೈಸೂರು)

ಎಲ್ಲರ ಮಾತೂ ಓದಿದೆ. ನನ್ನದು ಬೇರೆ ಮತ, ದಯವಿಟ್ಟು ತಾಳ್ಮೆಯಿಂದ ಓದಿ.

ಹೊಸ ಚಾಕು ಕೊಂಡು ಬಳಸಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ನೂರು ವರ್ಷ ಕಳೆದೂ ಒಮ್ಮೆಯೂ ಕಲ್ಲಿಗೆ ತಾಗದೆ ಉಳಿದ ಚಾಕು ಸಿಕ್ಕರೆ ಅದನ್ನು ಮಸೆಯುವುದು ದಾಖಲೆ ಅಳಿಸಿದಂತೆ. ಆ ಅಲಗಿನ ಮೇಲೆ ಅರೆದವನ ಚಕ್ರದ ಗೀರುಗಳು ಇನ್ನೂ ಇರುತ್ತವೆ. ಸ್ಟೀಲ್ ಸಿಟಿಯವರೇ ಹೇಳಿದರಲ್ಲ, ಆ ಗೀರಿಗಾಗಿ ಯಾರೋ ಉಸಿರು ತೆತ್ತಿದ್ದಾರೆ. ಅದನ್ನು ನಾವು ಯಾಕೆ ತಿಕ್ಕಿ ಹಾಕಬೇಕು? ಅವರ ಊರಿನ ಕಟ್ಲರ್ಸ್ ಹಾಲ್‌ನಲ್ಲಿರುವ ನಾರ್ಫೋಕ್ ಚಾಕುವನ್ನೇ ನೋಡಿ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಜೋಸೆಫ್ ರಾಜರ್ಸ್ ಕಂಪನಿ ಮಾಡಿದ್ದು, 75 ಅಲಗು. ಕೊಯ್ಯಲಿಕ್ಕೆ ಅಂತ ಅದನ್ನು ಯಾರೂ ಮಾಡಲಿಲ್ಲ. ಕೈಚಳಕದ ಎಲ್ಲೆ ಎಲ್ಲಿದೆ ಅಂತ ತೋರಿಸಲು ಮಾಡಿದರು. ಎಲ್ಲ ಆಕಾರವೂ ಕೆಲಸದಿಂದಲೇ ಬಂತು ಅನ್ನುವ ಮಾತು ಅಷ್ಟರ ಮಟ್ಟಿಗೆ ಪೂರ್ತಿ ಅಲ್ಲ.

ರಾಜರ್ಸ್ ಚಾಕು ನಮ್ಮ ದೇಶಕ್ಕೆ ಹೇರಳವಾಗಿ ಬಂದಿದೆ. ಹಳೇ ಮನೆಗಳ ಅಟ್ಟದಲ್ಲಿ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ. ಅಲಗಿನ ಬುಡದಲ್ಲಿ ಆರು ಮೂಲೆಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಅಕ್ಕಪಕ್ಕ ಇರಬೇಕು. ಕಿರೀಟದ ಎರಡು ಬದಿಗೆ ‘ವಿ’ ಮತ್ತು ‘ಆರ್’ ಅಕ್ಷರ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ಕ್ಕೆ ಮುಂಚಿನದು. ‘ಜಿ’ ಇದ್ದರೆ ಜಾರ್ಜ್‌ಗಳ ಕಾಲ. ‘ಇಂಗ್ಲೆಂಡ್’ ಅಂತ ದೇಶದ ಹೆಸರೂ ಕೊರೆದಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಆ ಹೊತ್ತಿಗೆ ಅಮೆರಿಕ ತನ್ನೊಳಗೆ ಬರುವ ಸರಕಿಗೆಲ್ಲ ದೇಶದ ಹೆಸರು ಕಡ್ಡಾಯ ಮಾಡಿತು. ನಕಲು ಆಗಲೂ ಇತ್ತು, ಈಗಲೂ ಇದೆ. ನಕಲಿನಲ್ಲಿ ಅಕ್ಷರ ಮಸುಕು, ನಕ್ಷತ್ರದ ಮೂಲೆಗಳು ಒಂದೇ ಸಮ ಇರುವುದಿಲ್ಲ.

ಕೊಳ್ಳುವಾಗ ಅಲಗನ್ನು ಮಡಚಿ ನೋಡಿ. ಮಸೆದು ಮಸೆದು ಸವೆದಿದ್ದರೆ ಅಲಗು ಹಿಡಿಯೊಳಗೆ ತೀರಾ ಕೆಳಗೆ ಮುಳುಗುತ್ತದೆ, ಉಗುರು ಸಿಕ್ಕಿಸಿ ಎಳೆಯುವ ಗೀರಿನಿಂದ ಬಾಯಿಗಿರುವ ಅಂತರ ಕಿರಿದಾಗಿರುತ್ತದೆ. ಹೊಳಪು ಜಾಸ್ತಿ ಇದ್ದರೆ ಇನ್ನೂ ಎಚ್ಚರ. ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದಾರೆ ಅಂತ ಅರ್ಥ, ಬುಡದ ಅಕ್ಷರಗಳ ಅಂಚು ಕರಗಿರುತ್ತದೆ.

ತೋಟದಮನೆ (ಶಿರಸಿ)

ಹಳೆ ಪೆಟ್ಟಿಗೆಯವರೇ, ಒಮ್ಮೆಯೂ ಮಸೆಯದ ಹಳೇ ಚಾಕು ಮಸೆಯಬಾರದು ಅನ್ನುವುದನ್ನು ಒಪ್ಪಿದೆ. ನನ್ನ ತಕರಾರು ಈಗಿನ ಕಾರ್ಖಾನೆಯ ಚಾಕು ಕೊಂಡು ಡಬ್ಬಿಯಲ್ಲೇ ಇಡುವವರ ಮೇಲೆ. ಐದು ವರ್ಷ ಬಿಟ್ಟು ಮಾರಿದರೆ ಲಾಭ ಅಂತ ಕೊಳ್ಳುತ್ತಾರೆ. ಅದರಿಂದ ನಿಜವಾಗಿ ಕೆಲಸಕ್ಕೆ ಬೇಕಾದವನಿಗೆ ಸಿಗದೆ ಹೋಗುತ್ತದೆ.

ಅಲ್ಲೆಗೇನಿ (ಪೆನ್ಸಿಲ್ವೇನಿಯಾ)

ಅದನ್ನು ನಾನಿಲ್ಲಿ ದಿನಾ ನೋಡುತ್ತೇನೆ. ಟೈಟಸ್‌ವಿಲ್ ಅಂತ ಒಂದು ಸಣ್ಣ ಊರಿದೆ, 1859ರಲ್ಲಿ ಡ್ರೇಕ್ ಕೊರೆದ ಎಣ್ಣೆ ಬಾವಿಯಿಂದ ಹೆಸರಾದ್ದು. ಅಲ್ಲಿ 2006ರಲ್ಲಿ ಗ್ರೇಟ್ ಈಸ್ಟರ್ನ್ ಕಟ್ಲರಿ ಶುರುವಾಯಿತು. ಹಳೇ ಮಾದರಿಗಳನ್ನೇ 1095 ಕಾರ್ಬನ್ ಉಕ್ಕಿನಲ್ಲಿ ಸಣ್ಣ ಸಣ್ಣ ಸರದಿಗಳಲ್ಲಿ ಮಾಡುತ್ತಾರೆ. ಸರದಿ ಅಂಗಡಿಗೆ ಬಂದ ಕೂಡಲೇ ಖಾಲಿ, ಆಮೇಲೆ ಮರುಮಾರಾಟದಲ್ಲಿ ಬೆಲೆ ಏರಿಸಿ ಕೂರುತ್ತಾರೆ. ಕೆಲಸ ಮಾತ್ರ ನಿಜಕ್ಕೂ ಚೆಂದ. ಮೂಳೆ, ಹಿತ್ತಾಳೆ, ಸ್ಪ್ರಿಂಗ್ ಮೂರೂ ಸೇರುವ ಕಡೆ ಉಗುರು ಆಡಿಸಿದರೆ ಸಂದೇ ಸಿಗುವುದಿಲ್ಲ.

ನಾನು ಹಿಡಿಯುವುದು ಬ್ರಾಡ್‌ಫರ್ಡ್ ಊರಿನ ಕೇಸ್ ಕಂಪನಿಯದು. ಜಿಪ್ಪೋ ಲೈಟರ್ ಮಾಡುವುದೂ ಅದೇ ಊರಿನಲ್ಲಿ, 1993ರಲ್ಲಿ ಕೇಸ್ ಕಂಪನಿಯನ್ನು ಜಿಪ್ಪೋದವರೇ ಕೊಂಡರು. ಕೇಸ್ ಸಂಗ್ರಹಿಸುವವರಿಗೆ ದೊಡ್ಡ ಅನುಕೂಲ ಅಂದರೆ ಬುಡದ ಮೇಲಿನ ಗುರುತೇ ವರ್ಷ ಹೇಳುತ್ತದೆ. 1940ರಿಂದ 1964ರವರೆಗೆ ಕೇಸ್ ಎಕ್ಸ್‌ಎಕ್ಸ್ ಅಂತ ಮಾತ್ರ. 1965ರಿಂದ 1969ರವರೆಗೆ ಅದರ ಜೊತೆ ಯು.ಎಸ್.ಎ. 1970ಕ್ಕೆ ಹತ್ತು ಚುಕ್ಕಿ, ಆಮೇಲೆ ವರ್ಷಕ್ಕೊಂದು ಚುಕ್ಕಿ ಕಳೆಯುತ್ತ ಬಂದರು. ನಾಲ್ಕು ಚುಕ್ಕಿ ಉಳಿದಿದ್ದರೆ 1976.

ಅಂಕಿಗಳಿಗೂ ಅರ್ಥವಿದೆ. 6254 ಅಂತ ಇದ್ದರೆ, 6 ಅಂದರೆ ಗೀರು ಕೊರೆದ ಮೂಳೆಯ ಹಿಡಿ, 2 ಅಂದರೆ ಎರಡು ಅಲಗು, 54 ಅಂದರೆ ಟ್ರ್ಯಾಪರ್ ಮಾದರಿ. ಮೊದಲಂಕಿ 5 ಇದ್ದರೆ ಜಿಂಕೆ ಕೊಂಬಿನ ಹಿಡಿ. 6318 ಅಂದರೆ ಮೇಲೆ ತೋಟದಮನೆಯವರು ವರ್ಣಿಸಿದ ಮೂರಲಗಿನ ಸ್ಟಾಕ್‌ಮನ್. ಟ್ರ್ಯಾಪರ್ ಬೋನು ಇಟ್ಟು ತುಪ್ಪಳದ ಪ್ರಾಣಿ ಹಿಡಿಯುವವರದು. ಚೂಪು ಅಲಗಿನಿಂದ ಮೊದಲ ಗೀರು ಹಾಕಿ, ಮೊಂಡು ತುದಿಯ ಉದ್ದ ಅಲಗಿನಿಂದ ತೊಗಲು ಹರಿಯದಂತೆ ಬಿಡಿಸುತ್ತಿದ್ದರು.

ಕಾಫಿ ಹೂ (ಮಡಿಕೇರಿ)

ನಮ್ಮ ಕಡೆ ಕತ್ತಿ ಅಂದರೆ ಎಲ್ಲರಿಗೂ ಪೀಚೆಕತ್ತಿ, ಒಡಿಕತ್ತಿ ನೆನಪಾಗುತ್ತದೆ. ಅವು ಉಡುಪಿಗೆ, ಮದುವೆ ಹಬ್ಬಕ್ಕೆ, ಮನೆತನಕ್ಕೆ ಸೇರಿದವು, ಮಡಚುವಂಥವಲ್ಲ. ತೋಟದಲ್ಲಿ ನನ್ನ ಕಿಸೆಯಲ್ಲಿರುವುದು ಬೇರೆಯದೇ, ಸ್ಟೇನ್‌ಲೆಸ್ ಒಪಿನೆಲ್. ಗೋಣಿಚೀಲದ ದಾರ ಕತ್ತರಿಸುವುದು, ಕಿತ್ತಳೆ ಸುಲಿಯುವುದು, ಗಿಡದ ಬುಡದಲ್ಲಿ ಬರುವ ಬೇಡದ ಚಿಗುರು ತೆಗೆಯುವುದು, ಎಲ್ಲ ಅದರಲ್ಲೇ.

ಕಾರ್ಬನ್ ಉಕ್ಕನ್ನು ಎಲ್ಲರೂ ಹೊಗಳುತ್ತಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಂದಿದ್ದು ನೋಡಿ ಅಂತೀನಿ. ಬೆಳಿಗ್ಗೆ ಒರೆಸಿ ಇಟ್ಟದ್ದು ಸಂಜೆಗೆ ಕೆಂಪಾಗಿರುತ್ತದೆ. ಇಡೀ ದಿನ ಕೈ ಒದ್ದೆ, ಕಿಸೆ ಒದ್ದೆ. ಕ್ರೋಮಿಯಂ ಇರುವ ಉಕ್ಕು ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಕೆಲಸದಿಂದಲೇ ಚಾಕು ಆರಿಸಬೇಕು ಅಂದಮೇಲೆ ಊರಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ತೋಟದಮನೆ (ಶಿರಸಿ)

ಮೇಡಂ, ಮಳೆಯ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಮಲೆನಾಡಿನಲ್ಲಿ ಕಾರ್ಬನ್ ಹಿಡಿಯುವವರು ದಿನಾ ಒರೆಸುವ ರೂಢಿ ಇದ್ದವರೇ ಆಗಿರಬೇಕು. ನನಗೆ ಕಾರ್ಬನ್ ಬೇಕಾದ್ದು ಕಲ್ಲಿನ ಮೇಲೆ ಅದು ಕೊಡುವ ಜವಾಬಿಗೆ. ನಾಲ್ಕು ಸಲ ಎಳೆದರೆ ಬಾಯಿ ಬರುತ್ತದೆ.

ಒಪಿನೆಲ್ ಇರುವವರಿಗೆ ಮಳೆಗಾಲದ ಇನ್ನೊಂದು ತೊಂದರೆ, ಬೀಚ್ ಮರದ ಹಿಡಿ ನೀರು ಕುಡಿದು ಊದಿ ಅಲಗನ್ನು ಕಚ್ಚಿ ಹಿಡಿಯುವುದು. ಉಗುರು ಮುರಿದರೂ ಬಿಚ್ಚುವುದಿಲ್ಲ. ಒಪಿನೆಲ್ ಹುಟ್ಟಿದ ಸವಾಯ್ ಪರ್ವತದವರೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಳೆಯನ್ನು ಸಡಿಲದ ಕಡೆಗೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮರದ ಮೇಜಿಗೆ ಟಕ್ ಅಂತ ಕುಟ್ಟಿದರೆ ಅಲಗಿನ ತುದಿ ತಾನೇ ಹೊರಗೆ ಇಣುಕುತ್ತದೆ. ಕಾಯಂ ಪರಿಹಾರ ಬೇಕಾದರೆ ಬೇಸಿಗೆಯಲ್ಲಿ ಬಳೆ ತೆಗೆದು, ಕೀಲಿನ ಸುತ್ತಲ ಮರಕ್ಕೆ ಅಗಸೆ ಎಣ್ಣೆ ಕುಡಿಸಿ ಒಣಗಿಸಿ. ಒಂದು ಸಲ ಸಾಲದು, ಮರ ಸಾಕು ಅನ್ನುವವರೆಗೆ ಕುಡಿಸಬೇಕು.

ಈ ಚಾಕುವನ್ನು ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದಾಗ ಅವನಿಗೆ 18 ವರ್ಷ. ಅಪ್ಪ ಕೊಡಲಿ, ಕುಡುಗೋಲು ಮಾಡುವವ. 1897ರಲ್ಲಿ 1ರಿಂದ 12ರವರೆಗೆ ಅಳತೆ ನಿಗದಿಯಾಯಿತು. 1 ಮತ್ತು 11 ಆಮೇಲೆ ನಿಂತುಹೋದವು. ಲಾಕ್ ಮಾಡುವ ಬಳೆ ಬಂದಿದ್ದು 1955ರಲ್ಲಿ. ಅಲ್ಲಿಯವರೆಗೆ ಮರದ ಬಿಗಿಯೊಂದೇ ಅಲಗನ್ನು ಹಿಡಿಯುತ್ತಿತ್ತು. ಒಂದು ಮರದ ತುಂಡು, ಒಂದು ಅಲಗು, ಒಂದು ಕೀಲು, ಎರಡು ಬಳೆ. ಇದಕ್ಕಿಂತ ಕಡಿಮೆ ಸಾಮಾನಿನಲ್ಲಿ ಇಷ್ಟು ಒಳ್ಳೆಯ ಚಾಕು ಮಾಡುವುದು ಕಷ್ಟ.

ಒಸಾಕಾದಿಂದ

ಕಷ್ಟ ಅಂದಿರಿ, ಇಲ್ಲಿ ಅದಕ್ಕಿಂತ ಕಡಿಮೆಯಲ್ಲಿ ಮಾಡಿದ್ದಾರೆ ಸರ್. ಜಪಾನಿನ ಹಿಗೊನೊಕಾಮಿ ಚಾಕು. ಹ್ಯೋಗೊ ಪ್ರಾಂತದ ಮಿಕಿ ಊರಿನದು, ಮೇಯ್ಜಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ 19ನೇ ಶತಮಾನದ ಕೊನೆಗೆ ಶುರುವಾದದ್ದು. ಮಡಚಿದ ಹಿತ್ತಾಳೆ ತಗಡೇ ಹಿಡಿ, ಒಂದು ಅಲಗು, ಒಂದು ಕೀಲು. ಸ್ಪ್ರಿಂಗ್ ಇಲ್ಲ, ಬಳೆ ಇಲ್ಲ. ಅಲಗಿನ ಬುಡದಿಂದ ಬಾಲದಂತೆ ಒಂದು ಚೂರು ಹೊರಗೆ ಚಾಚಿರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಬಿಚ್ಚುವುದು, ಕೊಯ್ಯುವಾಗ ಅದನ್ನೇ ಒತ್ತಿ ಹಿಡಿಯುವುದು. ಹೆಬ್ಬೆರಳೇ ಲಾಕ್.

ಒಂದು ಕಾಲಕ್ಕೆ ಇಲ್ಲಿಯ ಶಾಲಾ ಮಕ್ಕಳೆಲ್ಲರ ಹತ್ತಿರ ಇದಿತ್ತು, ಪೆನ್ಸಿಲ್ ಹೆರೆಯಲಿಕ್ಕೆ. 1960ರಲ್ಲಿ ರಾಜಕಾರಣಿ ಅಸನುಮಾ ಇನೆಜಿರೊ ಅವರನ್ನು ವೇದಿಕೆಯ ಮೇಲೇ ಇರಿದು ಕೊಂದರು. ಆ ಕೊಲೆಗೂ ಈ ಚಾಕುವಿಗೂ ಸಂಬಂಧವಿಲ್ಲ, ಅದು ಕತ್ತಿ. ಆದರೂ ಮಕ್ಕಳ ಕೈಗೆ ಚಾಕು ಬೇಡ ಎಂಬ ಚಳವಳಿ ದೇಶದ ತುಂಬ ಎದ್ದಿತು. ಬೇಡಿಕೆ ಬಿದ್ದುಹೋಯಿತು. ಮಿಕಿಯಲ್ಲಿ ಎಷ್ಟೋ ಕುಲುಮೆಗಳಿದ್ದವು, ಈಗ ಆ ಹೆಸರು ಹಾಕುವ ಹಕ್ಕಿನೊಡನೆ ಉಳಿದಿರುವುದು ನಾಗಾವೊ ಕಾನೆಕೋಮಾ ಮನೆತನದ ಕಮ್ಮಟವೊಂದೇ. ಈಗ ಇಲ್ಲಿ ಸಾಮಾನ್ಯವಾಗಿ 6 ಸೆಂ.ಮೀ. ಮೀರಿದ ಅಲಗನ್ನು ತಕ್ಕ ಕಾರಣವಿಲ್ಲದೆ ಹೊರಗೆ ಒಯ್ಯುವುದು ಅಪರಾಧ.

ಕಸಿಯವರೇ, ಪೆನ್ಸಿಲ್ ತಾನೇ ಹೆರೆದ ಮಗುವಿನ ಕೈ ಬೇರೆಯೇ ಆಗಿರುತ್ತದೆ ಅನ್ನುವ ನಂಬಿಕೆ ಇಲ್ಲಿಯ ಹಿರಿಯರಲ್ಲಿ ಇನ್ನೂ ಇದೆ. ನಿಮಗೇನನ್ನಿಸುತ್ತದೆ?

ಕಸಿ ಕಟ್ಟುವವ (ಪುತ್ತೂರು)

ಹೌದು. ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಕೊಡುವುದೂ ಗಿಡ ಅಲ್ಲ, ಒಂದು ಕಟ್ಟು ಗ್ಲಿರಿಸಿಡಿಯಾ ಕಡ್ಡಿ. ಸಪಾಟಾಗಿ ಹೆರೆಯುವುದು ಕೈಗೆ ಬಂದ ಮೇಲೆ ಗಿಡ ಮುಟ್ಟಿಸುವುದು. ಹೆಬ್ಬೆರಳು ಅಲಗಿನ ದಾರಿಗೆ ಅಡ್ಡ ಬಾರದ ಹಾಗೆ ಇಡುವುದನ್ನು ಬಾಯಲ್ಲಿ ಹೇಳಿ ಕಲಿಸಲಿಕ್ಕೆ ಆಗುವುದಿಲ್ಲ.

ಹಳೆ ಪೆಟ್ಟಿಗೆ (ಮೈಸೂರು)

ಸಂಗ್ರಹ ಇರುವವರಿಗೆ ಕೆಲವು ಮಾತು, ಮಳೆಯ ವಿಷಯ ಬಂತು ಅಂತ. ಚರ್ಮದ ಒರೆಯಲ್ಲಿಟ್ಟು ಬೀರುವಿಗೆ ಹಾಕಬೇಡಿ. ಚರ್ಮ ತೇವ ಹೀರಿಟ್ಟುಕೊಳ್ಳುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆಗಿಡಿ.

ಎಲ್ಲಕ್ಕಿಂತ ಮುಖ್ಯ, ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನ ಹಿಡಿ ಇರುವ ಚಾಕುಗಳನ್ನು ಬೇರೆ ಪೆಟ್ಟಿಗೆಯಲ್ಲಿಡಿ. ಆಮೆಚಿಪ್ಪಿನ ಥರ, ಮುತ್ತಿನ ಚಿಪ್ಪಿನ ಥರ ಮಿರುಗುವ ಹಿಡಿಗಳಲ್ಲಿ ಬಹಳಷ್ಟು ಅದೇ. ವಯಸ್ಸಾದ ಸೆಲ್ಯುಲಾಯ್ಡ್ ಆಮ್ಲದ ಹಬೆ ಬಿಡಲು ಶುರು ಮಾಡುತ್ತದೆ. ಅದರ ಅಲಗು ಮಾತ್ರವಲ್ಲ, ಪಕ್ಕದಲ್ಲಿ ಮಲಗಿರುವ ಚಾಕುಗಳೂ ತುಕ್ಕು ಹಿಡಿಯುತ್ತವೆ. ಹಿಡಿಯ ಹತ್ತಿರದ ಹಿತ್ತಾಳೆ ಹಸಿರಾಗುತ್ತಿದ್ದರೆ ಅದೇ ಸೂಚನೆ.

ಕೊಂಬಿನ ಹಿಡಿಯ ಬಗ್ಗೆ. ಶೆಫೀಲ್ಡಿನವರೂ ಅಮೆರಿಕದವರೂ ಮೆಚ್ಚಿ ಬಳಸುತ್ತಿದ್ದ ಕೊಂಬು ನಮ್ಮ ಕಾಡಿನ ಕಡವೆಯದೇ. ತಿರುಳು ಕಡಿಮೆ, ಗಟ್ಟಿ ಹೊರಪದರ ದಪ್ಪ, ಅದಕ್ಕೆ. 1990ರ ದಶಕದ ಕೊನೆಗೆ ಭಾರತದಿಂದ ಅದರ ರಫ್ತು ನಿಂತ ಮೇಲೆ ಹಳೇ ಕಡವೆ ಕೊಂಬಿನ ಚಾಕುಗಳಿಗೆ ಹೊರಗೆ ಬೆಲೆ ಏರಿತು. ಆ ಬೆಲೆ ನೋಡಿ ಇಲ್ಲಿ ಯಾರೂ ಆಸೆ ಬೀಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, 2023ರಲ್ಲಿ ನಮ್ಮ ರಾಜ್ಯದಲ್ಲೇ ಹುಲಿ ಉಗುರಿನ ಪ್ರಕರಣಗಳು ಎಷ್ಟು ಸದ್ದು ಮಾಡಿದವು ಅಂತ ನೋಡಿದ್ದೀರಿ. ಕಾಗದಪತ್ರ ಇಲ್ಲದ ಕೊಂಬಿನ ಹಿಡಿಯನ್ನು ಕೊಳ್ಳಲೂ ಬೇಡಿ, ಮಾರಲೂ ಬೇಡಿ.

ವಕೀಲ್ ಸಾಹೇಬ್ರು (ಧಾರವಾಡ)

ಖರೇ ಅದ. ಕಿಸೆ ಚಾಕುವಿನ ಕಾಯ್ದೆಕಿಂತ ಇದು ಭಾಳ ಬಿರುಸು.

ಹೊಸಬ (ಬೆಂಗಳೂರು)

ಎಲ್ಲರಿಗೂ ದೊಡ್ಡ ಧನ್ಯವಾದ. ಓದಿ ತೀರ್ಮಾನ ಮಾಡಿದೆ, ಕಾರ್ಬನ್ ಒಪಿನೆಲ್ 6ನೇ ನಂಬರ್. ಆಫೀಸ್ ಚೀಲಕ್ಕೆ ಆ ಅಳತೆ ಸಾಕು, ಬಳೆ ಇರೋದ್ರಿಂದ ಅಮ್ಮನಿಗೂ ಧೈರ್ಯ. ಮೆಟ್ರೋ ದಿನ ಮನೇಲೇ ಬಿಡ್ತೀನಿ. ಮಸೆಯೋದು ಹೇಗೆ ಅಂತ ಯಾರಾದ್ರೂ ಸರಳವಾಗಿ ಹೇಳ್ತೀರಾ? ಯಂತ್ರ ತಗೋಬೇಕಾ?

ತೋಟದಮನೆ (ಶಿರಸಿ)

ಯಂತ್ರ ಬೇಡ ತಮ್ಮಾ. ಎಳೆದು ತೆಗೆಯುವ ಗಾಲಿ ಸಾಣೆಯಂತೂ ಬೇಡವೇ ಬೇಡ, ಅದು ಉಕ್ಕು ತಿನ್ನುತ್ತದೆ. 1000 ನಂಬರಿನ ಒಂದು ನೀರಿನ ಕಲ್ಲು ತಗೋ. ಕಲ್ಲು ನೆನೆಸಿ ಒದ್ದೆ ಬಟ್ಟೆಯ ಮೇಲಿಡು, ಜಾರುವುದಿಲ್ಲ. ಅಲಗಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ ಹಿಡಿ, 15ರಿಂದ 20 ಡಿಗ್ರಿ. ಆ ಓರೆಯನ್ನು ಬದಲಿಸದೆ ಬುಡದಿಂದ ತುದಿಯವರೆಗೆ ಎಳೆ. ಎಷ್ಟು ಸಲ ಅಂತ ಎಣಿಸಬೇಡ. ಬಾಯಿಯ ಆಚೆ ಬದಿಯಲ್ಲಿ ಹೆಬ್ಬೆರಳಿನ ಮೈಯನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ತಂತಿಯಂಥ ಸಣ್ಣ ಎಳೆ ತಡೆಯುತ್ತದೆ. ಅದು ಬುಡದಿಂದ ತುದಿಯವರೆಗೆ ಸಿಕ್ಕ ಮೇಲೇ ಮಗ್ಗುಲು ಬದಲಿಸು. ಇನ್ನೊಂದು ಬದಿಯೂ ಹಾಗೇ. ಕೊನೆಗೆ ಒತ್ತಡವೇ ಇಲ್ಲದೆ ಅತ್ತಿತ್ತ ನಾಲ್ಕೆಳೆದು, ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಸವರು. ಪತ್ರಿಕೆಯ ಹಾಳೆ ಸದ್ದಿಲ್ಲದೆ ಸೀಳಿದರೆ ಸಾಕು.

ಕಾಫಿ ಹೂ (ಮಡಿಕೇರಿ)

ಹೊಸಬರೇ, ನಿಂಬೆಹಣ್ಣು ಹೆಚ್ಚಿ ಒರೆಸದೆ ಮಡಚಬೇಡಿ. ಆಯುಧ ಪೂಜೆಗೆ ಇಡುತ್ತೀರಾದರೆ ಒದ್ದೆ ಕುಂಕುಮವನ್ನು ಅಲಗಿಗೆ ಹಚ್ಚಬೇಡಿ, ಹಿಡಿಗೆ ಹಚ್ಚಿ. ಅಲಗಿಗೆ ಹಚ್ಚಲೇಬೇಕು ಅಂತ ಅಮ್ಮ ಅಂದರೆ ಮೊದಲು ಎಣ್ಣೆ ಸವರಿ, ಪೂಜೆ ಮುಗಿದ ಸಂಜೆಯೇ ಒರೆಸಿಬಿಡಿ.

ಹಳೆ ಪೆಟ್ಟಿಗೆ (ಮೈಸೂರು)

ಮನೆಯಲ್ಲಿ ಹಳೇ ಚಾಕು ಇರುವವರು ಅಲಗಿನ ಬುಡದ ಎರಡೂ ಬದಿಯ ಫೋಟೋ ಹಾಕಿ. ಬೆಳಕು ಒಂದೇ ಕಡೆಯಿಂದ, ಓರೆಯಾಗಿ ಬೀಳಲಿ, ಅಕ್ಷರ ಎದ್ದು ಕಾಣುತ್ತದೆ. ತುಕ್ಕಿದ್ದರೆ ತಿಕ್ಕದೆ ಹಾಗೇ ಹಾಕಿ. ಕಾಲ, ಊರು ಗುರುತಿಸಲು ನಾನೂ ಸ್ಟೀಲ್ ಸಿಟಿಯವರೂ ಸೇರಿ ನೋಡುತ್ತೇವೆ.